ಹಿಂಬದಿ ಓದುವ ದೊಡ್ಡಪ್ಪ

ಮಹಾಲಿಂಗಯ್ಯನವರು ಲೋಕದ ಯಾವ ವಸ್ತುವನ್ನೂ ಮುಂಭಾಗದಿಂದ ನೋಡಿದವರಲ್ಲ. ಬಿಸ್ಕತ್ತಿನ ಪೊಟ್ಟಣವಿರಲಿ, ಮದುವೆಯ ಕರೆಯೋಲೆಯಿರಲಿ, ಯಾರೋ ಪ್ರೀತಿಯಿಂದ ತಂದುಕೊಟ್ಟ ಹೊಸ ವರ್ಷದ ಕ್ಯಾಲೆಂಡರಿರಲಿ, ಕೈಗೆ ಬಂದ ಕ್ಷಣವೇ ಅದನ್ನು ಮಗುಚಿ, ಕೋಟಿನ ಒಳಜೇಬಿನಿಂದ ಭೂತಗನ್ನಡಿ ತೆಗೆದು, ಹಿಂಬದಿಯ ಸಣ್ಣಕ್ಷರಗಳನ್ನು ಮೊದಲಿನಿಂದ ಕಡೆಯವರೆಗೆ ಓದಿ ಮುಗಿಸಿದ ಮೇಲೆಯೇ ಅವರು "ಪರವಾಗಿಲ್ಲ" ಎನ್ನುವುದೋ "ವಾಪಸ್ ಕೊಟ್ಬಿಡಿ" ಎನ್ನುವುದೋ. ಮುಂಭಾಗ ಮಾರುವವನದು, ಹಿಂಭಾಗ ಕೊಳ್ಳುವವನದು ಎಂಬುದು ಅವರ ಅಚಲ ಸಿದ್ಧಾಂತ. ತುಮಕೂರಿನ ಉಪ್ಪಾರಹಳ್ಳಿಯ ಅವರ ಮನೆಗೆ ಬರುವ ನೆಂಟರು ಈಚೆಗೆ ಬಾಳೆಹಣ್ಣನ್ನು ಬಿಟ್ಟು ಬೇರೇನೂ ತರುವುದಿಲ್ಲ. ಬಾಳೆಹಣ್ಣಿಗೆ ಹಿಂಬದಿಯಿಲ್ಲವಲ್ಲ, ಅದಕ್ಕೆ.

ಮೂವತ್ತನಾಲ್ಕು ವರ್ಷ ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಅಟೆಂಡರ್ ಆಗಿದ್ದವರು ಅವರು. ಪ್ರೊಫೆಸರುಗಳು ಬಂದರು, ಹೋದರು. ಯಾವ ಬಾಟಲಿಯಲ್ಲಿ ಯಾವ ಆಮ್ಲ, ಯಾವ ಬೀರುವಿನ ಯಾವ ಮೂಲೆಯಲ್ಲಿ ಯಾವ ಲವಣ ಎಂಬುದು ಮಾತ್ರ ಮಹಾಲಿಂಗಯ್ಯನವರ ತಲೆಯಲ್ಲಿ ಉಳಿಯಿತು. ಆ ಕೆಲಸ ಅವರ ಮೈಗೂ ಹತ್ತಿದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ತುಂಬಿದ ಬೀಕರನ್ನು ಎರಡು ಕೈಯಲ್ಲಿ ಹಿಡಿದವರಂತೆ, ತುಸುವೂ ಕುಲುಕದೆ, ಆತುರವೆಂಬುದನ್ನೇ ಅರಿಯದೆ ನಡೆಯುತ್ತಾರೆ. ಎದುರಿಗೆ ಬಸ್ಸು ಹೊರಟು ನಿಂತಿದ್ದರೂ ಅದೇ ನಡಿಗೆ. ನಿವೃತ್ತರಾಗಿ ಹನ್ನೊಂದು ವರ್ಷವಾದರೂ ಅದೇ ಕಡುನೀಲಿ ಕೋಟು. ಅದರ ಒಳಜೇಬಿನಲ್ಲಿ ಭೂತಗನ್ನಡಿಯ ಜೊತೆಗೆ ಹುಳಿ ಎಷ್ಟು, ಕ್ಷಾರ ಎಷ್ಟು ಎಂದು ಬಣ್ಣದಲ್ಲಿ ತೋರಿಸುವ ಪಿಎಚ್ ಕಾಗದದ ಪುಟ್ಟ ಪುಸ್ತಕ, ಒಂದು ಚಿಮುಟ, ಚೌಕಾಕಾರವಾಗಿ ಕತ್ತರಿಸಿಟ್ಟ ಫಿಲ್ಟರ್ ಪೇಪರಿನ ತುಣುಕುಗಳು. ಇಂಥ ಮನುಷ್ಯನ ಮನೆಯಲ್ಲಿ, ಮುಖದ ತುಂಬ ಮೊಡವೆಯಿಟ್ಟುಕೊಂಡು ಬಾಳುವುದೆಂದರೆ ಏನೆಂದು ಮಾಲಿನಿಯನ್ನೇ ಕೇಳಬೇಕು.

ಮಾಲಿನಿ ಕುಣಿಗಲ್‌ನಲ್ಲಿರುವ ಅವರ ತಮ್ಮನ ಮಗಳು. ಗುಬ್ಬಿಯ ಖಾಸಗಿ ಶಾಲೆಯೊಂದರಲ್ಲಿ ನಾಲ್ಕನೆಯ ತರಗತಿಗೆ ಪಾಠ ಹೇಳುತ್ತಾಳೆ. ಕುಣಿಗಲ್‌ನಿಂದ ಗುಬ್ಬಿಗೆ ದಿನಾ ಓಡಾಡುವುದು ಆಗದ ಮಾತೆಂದು ಎರಡು ವರ್ಷದಿಂದ ದೊಡ್ಡಪ್ಪನ ಮನೆಯಲ್ಲಿದ್ದು, ಬೆಳಗಿನ ಏಳೂಕಾಲಿನ ಬಸ್ಸು ಹಿಡಿಯುತ್ತಾಳೆ. ಸೊಂಟ ದಾಟುವ ಜಡೆ, ಗಂಟೆಯಂಥ ಕಂಠ. ಕಾಲೇಜಿನ ದಿನಗಳಲ್ಲಿ ಯಾವ ಸಮಾರಂಭಕ್ಕೂ ನಿರೂಪಣೆ ಅವಳದೇ. ಆದರೆ ಕೆಲಸಕ್ಕೆ ಸೇರುವ ಹೊತ್ತಿಗೆ ಕೆನ್ನೆ ಮತ್ತು ದವಡೆಯ ಮೇಲೆ, ಅದರಲ್ಲೂ ಎಡಗಡೆ, ಕೆಂಪು ಮೊಡವೆಗಳು ಎದ್ದಿದ್ದವು. ಕೊರೋನ ಮುಗಿದು ಊರೆಲ್ಲ ಮರೆತ ಮಾಸ್ಕನ್ನು ಅವಳು ಮಾತ್ರ ಕಳಚಲಿಲ್ಲ. ಜುಲೈನ ಒಂದು ದಿನ ಅವಳ ತರಗತಿಯ ಭೂಮಿಕಾ ಎಂಬ ಹುಡುಗಿ "ನಮ್ಮ ಮಿಸ್" ಎಂದು ಚಿತ್ರ ಬರೆದು ತಂದು ತೋರಿಸಿದಳು. ಸೀರೆ, ಜಡೆ, ಬಳೆ ಎಲ್ಲವೂ ಇದ್ದವು. ಮೂಗು ಬಾಯಿಗಳಿರಬೇಕಾದಲ್ಲಿ ನೀಲಿ ಬಣ್ಣ ತುಂಬಿ, ಅದರ ದಾರವನ್ನು ಜೋಪಾನವಾಗಿ ಕಿವಿಗೆ ಸಿಕ್ಕಿಸಿದ್ದಳು. ಆ ಮಕ್ಕಳು ತನ್ನ ಮುಖವನ್ನು ನೋಡಿಯೇ ಇಲ್ಲ ಎಂಬುದು ಮಾಲಿನಿಗೆ ಹೊಳೆದದ್ದು ಆಗ. ಸ್ಟಾಫ್ ರೂಮಿನ ಬಾತ್‌ರೂಮಿಗೆ ಹೋಗಿ ಅತ್ತು ಬಂದಳು.

ಅದೇ ಜುಲೈ ತಿಂಗಳಲ್ಲಿ ಮುಖ್ಯೋಪಾಧ್ಯಾಯಿನಿ ವನಜಮ್ಮನವರು ಕರೆದು, "ಫೆಬ್ರವರೀಲಿ ಸ್ಕೂಲ್ ಡೇ. ನಿರೂಪಣೆ ನೀನೇ ಮಾಡ್ಬೇಕು ಕಣಮ್ಮ. ಆದ್ರೆ ಸ್ಟೇಜ್ ಮೇಲೆ ಆ ಮಾಸ್ಕ್ ಬೇಡ" ಎಂದರು. ಮಾಲಿನಿಗೆ ಆಸೆಯಾಯಿತು. ಏಳು ತಿಂಗಳಿದೆ, ಒಂದು ಒಳ್ಳೆಯ ಫೇಸ್‌ವಾಶ್ ತೆಗೆದುಕೊಂಡು ಈ ಮುಖವನ್ನು ಸರಿಮಾಡಿಕೊಂಡೇ ತೀರುತ್ತೇನೆ ಎಂದು ನಿಶ್ಚಯಿಸಿದಳು. ಅವಳು ಮಾಡಿದ ತಪ್ಪು ಒಂದೇ: ಆ ನಿಶ್ಚಯವನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿದ್ದು.

"ಹಿಂದ್ಗಡೆ ಏನ್ ಬರ್ದವ್ರೆ ಅಂತ ನೋಡ್ದೆ ಮುಖಕ್ಕೆ ಹಾಕ್ಕೋತೀಯಾ? ನಡಿ, ನಾನೂ ಬರ್ತೀನಿ" ಎಂದು ದೊಡ್ಡಪ್ಪ ಕೋಟು ತೊಟ್ಟರು.

ಉಪ್ಪಾರಹಳ್ಳಿಯ ಮುಖ್ಯರಸ್ತೆಯಲ್ಲಿ ಚನ್ನೇಶನ ಮೆಡಿಕಲ್ ಸ್ಟೋರು. ಅವತ್ತು ಸಂಜೆ ಆ ಅಂಗಡಿಯ ಕಟ್ಟೆಯ ಮೇಲೆ ಹದಿನಾಲ್ಕು ಬಗೆಯ ಫೇಸ್‌ವಾಶ್‌ಗಳು ಬೆನ್ನು ಮೇಲಾಗಿ ಮಲಗಿದವು. ಜ್ವರದ ಮಾತ್ರೆಗೆಂದು ಬಂದವರು, ಮಗುವಿನ ಹಾಲಿನ ಪುಡಿಗೆಂದು ಬಂದವರು ಹಿಂದೆ ಸಾಲುಗಟ್ಟಿದರು. ಮಹಾಲಿಂಗಯ್ಯನವರು ಒಂದೊಂದನ್ನೇ ಭೂತಗನ್ನಡಿಯಡಿಗೆ ಹಿಡಿದು, ಕೋರ್ಟಿನಲ್ಲಿ ತೀರ್ಪು ಓದುವವರ ಧ್ವನಿಯಲ್ಲಿ ಓದಿದರು. ಒಳಗೆ ಸಣ್ಣ ಹರಳುಗಳಿದ್ದದ್ದನ್ನು "ಮುಖ ಏನು ತಳ ಹತ್ತಿದ ಪಾತ್ರೆನಾ, ಉಜ್ಜೋದಕ್ಕೆ?" ಎಂದು ಸರಿಸಿದರು. ಗುಲಾಬಿಯ ವಾಸನೆಯದನ್ನು "ಪರಿಮಳ ಅಂತ ಒಂದೇ ಮಾತು ಬರ್ದು ಕೈ ತೊಳ್ಕೊಂಡವ್ರೆ, ಒಳಗೆ ಏನೇನಿದ್ಯೋ" ಎಂದು ತಳ್ಳಿದರು. ಒಂದರ ಮುಚ್ಚಳ ತೆಗೆದು ಪಿಎಚ್ ಕಾಗದದ ಮೇಲೆ ತೊಟ್ಟು ಬಿಡಹೋದಾಗ ಚನ್ನೇಶ ಕೈ ಅಡ್ಡ ಹಿಡಿದ.

"ಸಾರ್, ಸೀಲ್ ಒಡದ್ರೆ ನೀವೇ ತಗೋಬೇಕಾಗ್ತದೆ."

"ತಗೋತೀನಿ ಬಿಡಿ, ಗೊತ್ತಾಗ್ಬೇಕಲ್ಲ."

ಮಾಲಿನಿಗೆ ನಿಂತಲ್ಲೇ ನೆಲ ಬಾಯಿಬಿಡಬಾರದೇ ಎನಿಸುತ್ತಿತ್ತು. ಚನ್ನೇಶ ಪಾಪ ಒಳ್ಳೆಯವನು, ಅವಳ ಕಡೆ ತಿರುಗಿ ಮೆಲ್ಲಗೆ, "ಮೇಡಂ, ತಲೆಗೆ ಏನ್ ಹಚ್ತೀರಾ?" ಎಂದು ಕೇಳಿದ. ಅವಳು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ತಲೆಯೆತ್ತದೆ ಹೇಳಿದರು: "ಮುಖದ ವಿಷ್ಯ ಮಾತಾಡ್ತಿದೀವಿ ಕಣ್ರೀ, ತಲೆ ಯಾಕೆ ಮಧ್ಯದಲ್ಲಿ? ಇದರ ಹಿಂದ್ಗಡೆ ಕೊನೇ ಸಾಲು ಅಳ್ಸೋಗಿದೆ, ಬೇರೆ ಡಬ್ಬ ಕೊಡಿ." ಚನ್ನೇಶ ಬೇರೆ ಡಬ್ಬ ಕೊಟ್ಟ.

ಇಷ್ಟಕ್ಕೂ ಮಾಲಿನಿ ಒಮ್ಮೆ ಚರ್ಮದ ಡಾಕ್ಟರ ಬಳಿಗೂ ಹೋಗಿದ್ದಳು. ಅವರು ಬರೆದುಕೊಟ್ಟ ಸೌಮ್ಯವಾದ ಫೇಸ್‌ವಾಶಿನ ಪಿಎಚ್ ಎಷ್ಟೆಂದು ಜೊತೆಗೆ ಬಂದ ದೊಡ್ಡಪ್ಪ ಕೇಳಿ, ಅವರು ನಕ್ಕು, ಇವರು ನಗದೆ, ಹೊರಗೆ ಕಾಯುತ್ತಿದ್ದವರೆಲ್ಲ ಬಾಗಿಲಿಗೆ ಬಂದು ಇಣುಕುವ ಹಾಗಾಯಿತು. ಆರು ವಾರ ಬಿಟ್ಟು ಬರಲು ಹೇಳಿದ್ದ ಆ ಡಾಕ್ಟರ ಮೆಟ್ಟಿಲನ್ನು ನಾಚಿಕೆಯಿಂದ ಅವಳು ಮತ್ತೆ ಹತ್ತಲೇ ಇಲ್ಲ.

ಆಮೇಲಿನದು ಪ್ರಯೋಗಗಳ ಕಾಲ. ಅಂಗಡಿಯಿಂದ ತಂದ ಆರು ಫೇಸ್‌ವಾಶ್‌ಗಳಿಗೆ ಒಂದರಿಂದ ಆರರವರೆಗೆ ಅಂಕಿ ಅಂಟಿಸಲಾಯಿತು. ಯಾವುದೂ ಮಾಲಿನಿಯ ಮುಖ ತಲುಪುವ ಮೊದಲು ಮೂರು ದಿನ ಮಹಾಲಿಂಗಯ್ಯನವರ ಮುಖದ ಮೇಲೆ ಹಾದುಹೋಗಬೇಕೆಂಬುದು ನಿಯಮ. ಎಪ್ಪತ್ತೊಂದರ, ಒಣಗಿದ ಹುಣಸೆಸಿಪ್ಪೆಯಂಥ ಆ ಮುಖದಿಂದ ತನ್ನ ಎಣ್ಣೆಮುಖದ ಬಗ್ಗೆ ಏನು ತಿಳಿಯುತ್ತದೆ ಎಂದು ಕೇಳಿದರೆ, "ನಿನಗೇನಾದ್ರೂ ಉರಿ ಬಂದ್ರೆ?" ಎನ್ನುತ್ತಿದ್ದರು. ಅವಳು ಕ್ಯಾಲೆಂಡರಿನಲ್ಲಿ ಮೂರು ದಿನ ಎಣಿಸುತ್ತಿದ್ದಳು. ನಾಲ್ಕನೆಯದು ಮೊಡವೆಯ ಕ್ರಿಮಿಗಳನ್ನು ಕೊಲ್ಲುವ ಖಾರವಾದ ಔಷಧಿಯುಳ್ಳದ್ದು. ಬಟ್ಟೆಗೆ ತಾಗಿದರೆ ಬಣ್ಣ ಹೋಗುತ್ತದೆಂದು ಅದರ ಹಿಂಬದಿಯಲ್ಲೇ ಮುದ್ರಿಸಿದ್ದರು. ಮಹಾಲಿಂಗಯ್ಯನವರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ ಹೇಳಿದರು. ಮುಖ ತೊಳೆದು, ಟವೆಲ್ ಕೈಗೆ ಸಿಗದೆ, ತೊಟ್ಟಿದ್ದ ಕೋಟಿನ ತೋಳಿನಿಂದಲೇ ಒರೆಸಿಕೊಂಡರು. ಕಡುನೀಲಿ ತೋಳಿನ ಮೇಲೆ ಅಂಗೈಯಗಲದ ಬಿಳಿ ಮಚ್ಚೆ ಇಂದಿಗೂ ಇದೆ. ಆ ಕೋಟನ್ನು ಬಿಸಾಡಿ ಎಂದರೆ, "ಫಲಿತಾಂಶ ಕಣಮ್ಮ ಇದು, ಬಿಸಾಡ್ತಾರಾ?" ಎಂದರು.

ಕಡೆಗೆ ಗೆದ್ದದ್ದು ಆರನೆಯದು. ನೊರೆ ಕಡಿಮೆ, ವಾಸನೆಯಿಲ್ಲ, ಅಂಟುಅಂಟಾದ ತಿಳಿ ಜೆಲ್ಲು, ರಂಧ್ರದೊಳಗಿನ ಜಿಡ್ಡನ್ನು ಕರಗಿಸುವ ಸ್ಯಾಲಿಸಿಲಿಕ್ ಆಮ್ಲ ಸ್ವಲ್ಪ, ಪಿಎಚ್ ಕಾಗದದ ಮೇಲೆ ಐದೂವರೆ, ಅಂದರೆ ಚರ್ಮದ್ದೇ ಹುಳಿಗೆ ಹತ್ತಿರ. ಜೊತೆಗೆ ಶಾಸನಗಳೂ ಹೊರಟವು: ದಿನಕ್ಕೆ ಎರಡೇ ಸಲ; ಉಗುರುಬೆಚ್ಚಗಿನ ನೀರು; ಬೆರಳ ತುದಿಯಿಂದ ಅರವತ್ತು ಎಣಿಸುವವರೆಗೆ; ಟವೆಲಿನಿಂದ ಉಜ್ಜುವಂತಿಲ್ಲ, ಒತ್ತಬೇಕು. ಅಲ್ಲಿಯವರೆಗೆ ಮಾಲಿನಿ ಮೈಸೋಪಿನಲ್ಲಿ ದಿನಕ್ಕೆ ಐದು ಸಲ, ಚರ್ಮ ಚರಚರ ಎನ್ನುವವರೆಗೆ ತಿಕ್ಕಿ ತೊಳೆಯುತ್ತಿದ್ದಳು. "ತಿಕ್ಕಿದಷ್ಟೂ ಒಣಗ್ತದೆ, ಒಣಗಿದಷ್ಟೂ ಮುಖ ಕೆರಳ್ತದೆ" ಎಂದು ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಒಂದು ತಿಂಗಳಲ್ಲಿ ಮೂಗು ತಿಳಿಯಾಯಿತು, ಬಲಗೆನ್ನೆ ಅರ್ಧ ಇಳಿಯಿತು. ಇಷ್ಟೆಲ್ಲ ಪ್ರಾಣ ತಿಂದ ಮನುಷ್ಯ ಸರಿಯಾಗಿಯೂ ಇದ್ದುಬಿಟ್ಟರೆ ಅದಕ್ಕಿಂತ ಸಿಟ್ಟು ಬರಿಸುವ ಸಂಗತಿ ಇನ್ನೊಂದಿಲ್ಲ.

ಆದರೆ ಎಡಗೆನ್ನೆ ಮಾತ್ರ ಹಟ ಹಿಡಿದು ಕೂತಿತು. ಆಗ ಶುರುವಾಯಿತು ಪುಸ್ತಕ. ದಿನಾ ಬೆಳಿಗ್ಗೆ ಮಾಲಿನಿ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಹಿತ್ತಲಿಗೆ ಬರುವ ಹೊತ್ತಿಗೆ ದೊಡ್ಡಪ್ಪ ಚಿಮುಟದಲ್ಲಿ ಫಿಲ್ಟರ್ ಪೇಪರ್ ಹಿಡಿದು ನಿಂತಿರುತ್ತಿದ್ದರು. "ನಿಂತ್ಕೊ, ಕೆನ್ನೆ ಕೊಡು." ಎಡಗೆನ್ನೆಗೊಂದು, ಬಲಗೆನ್ನೆಗೊಂದು, ಮೂಗಿಗೊಂದು ಚೌಕ ಒತ್ತಿ, ಜಿಡ್ಡು ಎಷ್ಟಗಲ ಹರಡಿತೆಂದು ಸ್ಕೇಲಿನಲ್ಲಿ ಅಳೆದು, ಉದ್ದನೆಯ ಪ್ರಾಕ್ಟಿಕಲ್ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಅಂಟಿಸುತ್ತಿದ್ದರು. ಪಕ್ಕದಲ್ಲಿ ತಿಂದದ್ದೇನು, ನಿದ್ದೆಯೆಷ್ಟು, ಬಿಸಿಲಲ್ಲಿ ನಡೆದದ್ದೆಷ್ಟು ಎಂಬ ಅಂಕಣಗಳು. ಕಾಂಪೌಂಡಿನಾಚೆಯ ಮನೆಯವರು ಇದನ್ನು ನೋಡಲೆಂದೇ ಆ ಹೊತ್ತಿಗೆ ಗಿಡಗಳಿಗೆ ನೀರು ಹಾಕುತ್ತಿದ್ದರೆಂದು ಮಾಲಿನಿಯ ಗುಮಾನಿ.

ದಸರೆಯ ರಜೆಗೆ ಅವಳು ಹತ್ತು ದಿನ ಕುಣಿಗಲ್‌ಗೆ ಹೋದಳು. ಆರನೆಯ ಫೇಸ್‌ವಾಶ್ ಜೊತೆಗೆ ಹೋಯಿತು, ಮೂವತ್ತು ಚೌಕಗಳೂ ಹೋದವು. ಆಶ್ಚರ್ಯವೆಂದರೆ ಆ ಹತ್ತು ದಿನಗಳಲ್ಲಿ ಎಡಗೆನ್ನೆಯ ಮೇಲೆ ಹೊಸ ಮೊಡವೆ ಒಂದೂ ಏಳಲಿಲ್ಲ. ತುಮಕೂರಿಗೆ ಮರಳಿದ ವಾರಕ್ಕೆ ಮೂರು ಎದ್ದವು. ಮಹಾಲಿಂಗಯ್ಯನವರು ಎರಡು ದಿನ ಪುಸ್ತಕ ಮಗುಚಿ, ಮೂರನೆಯ ದಿನ ಘೋಷಿಸಿದರು: "ನೀರು. ವ್ಯತ್ಯಾಸ ಇರೋದು ನೀರಲ್ಲೇ."

ಅಲ್ಲಿಂದ ಆರು ವಾರ, ಪ್ರತಿ ಬುಧವಾರ, ಆ ವೃದ್ಧರು ಬಸ್ಸು ಹತ್ತಿ ಕುಣಿಗಲ್‌ಗೆ ಹೋಗಿ, ತಮ್ಮನ ಮನೆಯ ನಲ್ಲಿಯಿಂದ ಎರಡು ಕ್ಯಾನು ನೀರು ಹಿಡಿದು, ಅದೇ ಕುಲುಕದ ನಡಿಗೆಯಲ್ಲಿ ಹೊತ್ತು ತಂದರು. "ತೀರ್ಥಾನಾ ಸಾರ್?" ಎಂದ ಕಂಡಕ್ಟರಿಗೆ "ಇಲ್ಲ, ಫೇಸ್‌ವಾಶಿಗೆ" ಎಂದು ಗಂಭೀರವಾಗಿ ಹೇಳಿದರಂತೆ. ಮಾಲಿನಿಯ ತಾಯಿ ಗಂಗಾಂಬಿಕೆ ಫೋನು ಮಾಡಿ, "ಭಾವ ಈ ವಯಸ್ಸಲ್ಲಿ ಕ್ಯಾನ್ ಹೊರ್ತಾವ್ರೆ, ನಿನಗೇನಾದ್ರೂ ಮನುಷ್ಯತ್ವ ಇದ್ಯೇನೇ? ಕಡಲೆಹಿಟ್ಟು ಹಚ್ಕೊಂಡು ಸುಮ್ನಿರಬಾರ್ದಾ?" ಎಂದು ಮಗಳನ್ನೇ ಬೈದರು. ಬೇಡವೆಂದು ಮಾಲಿನಿ ಕೈಮುಗಿದು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಡಿಸೆಂಬರ್ ಬಂತು. ಎಡಗೆನ್ನೆ ಹಾಗೇ ಇತ್ತು. ವನಜಮ್ಮನವರು "ಇನ್ನೊಬ್ಬರಿಗೆ ಹೇಳ್ಲೇನಮ್ಮ?" ಎಂದು ಕೇಳಿದರು, ಒಂದು ವಾರ ಸಮಯ ಕೊಡಿ ಎಂದು ಬೇಡಿ ಬಂದಳು.

ಇಲ್ಲಿ ಒಂದು ಎಣ್ಣೆಯ ವಿಷಯ ಹೇಳಬೇಕು. ಮಹಾಲಿಂಗಯ್ಯನವರ ಹೆಂಡತಿ ತೀರಿಕೊಂಡು ಆರು ವರ್ಷ. ಆಕೆ ಗರುಗದ ಸೊಪ್ಪು, ದಾಸವಾಳದ ಎಲೆ, ಮೆಂತ್ಯ ಹಾಕಿ ಕೊಬ್ಬರಿ ಎಣ್ಣೆ ಕಾಯಿಸುತ್ತಿದ್ದರು. ಆಕೆಯ ನಂತರ ಪ್ರತಿ ತಿಂಗಳೂ ಅದೇ ಬಾಣಲೆಯಲ್ಲಿ, ಅದೇ ಅಳತೆಯಲ್ಲಿ ಇವರೇ ಕಾಯಿಸುತ್ತಾರೆ. ಮಾಲಿನಿ ಬಂದ ಮೇಲೆ ಆ ಎಣ್ಣೆಗೊಂದು ತಲೆ ಸಿಕ್ಕಿತು. ರಾತ್ರಿ ಮಲಗುವ ಮುನ್ನ ಅವಳು ಹಚ್ಚಿಕೊಂಡದ್ದನ್ನು ನೋಡಿದರೆ ಅವರ ಮುಖದಲ್ಲಿ ಒಂದು ನೆಮ್ಮದಿ ಕಾಣುತ್ತಿತ್ತು. ಲೋಕದ ಸಮಸ್ತ ಡಬ್ಬಗಳ ಬೆನ್ನು ಓದುವ ಆ ಮನುಷ್ಯ ಹಸಿರು ಎಣ್ಣೆಯ ಆ ಬಾಟಲಿಯನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ನೋಡಲು ಅದರ ಮೇಲೆ ಏನೂ ಬರೆದಿರಲಿಲ್ಲ. ಹೆಂಡತಿಯ ಮಾತಿಗೆ ಆಧಾರ ಕೇಳುವ ಧೈರ್ಯ ಆಕೆ ಬದುಕಿದ್ದಾಗಲೂ ಅವರಿಗಿರಲಿಲ್ಲ.

ಗಡುವಿನ ಆ ವಾರದ ಭಾನುವಾರ ಬೆಳಿಗ್ಗೆ ಕುಣಿಗಲ್ ನೀರಿನ ಕ್ಯಾನೊಂದು ಸೋರಿ, ಕೆಳಗಿಟ್ಟಿದ್ದ ನೋಟ್‌ಬುಕ್ಕು ತೊಯ್ದುಹೋಯಿತು. ಮಹಾಲಿಂಗಯ್ಯನವರು ಹೊಲಿಗೆ ಬಿಚ್ಚಿ, ಹಾಳೆಗಳನ್ನೆಲ್ಲ ತಾರಸಿಯ ಮೇಲೆ ಸಾಲಾಗಿ ಹರಡಿ, ಅಂಚಿಗೆ ಕಲ್ಲು ಹೇರಿ ಬಿಸಿಲಿಗಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಮೇಲಿನಿಂದ ಕೂಗಿದರು. "ಮಾಲಿನೀ, ಬಾ ಇಲ್ಲಿ."

ಇನ್ನೇನು ಅಳೆಯಬೇಕಪ್ಪ ಎಂದು ಗೊಣಗುತ್ತ ಅವಳು ಮೆಟ್ಟಿಲು ಹತ್ತಿದಳು. ಅವರು ಮಂಡಿಯೂರಿ ಕೂತಿದ್ದರು. ಮೂರು ತಿಂಗಳ ಚೌಕಗಳು ಬಿಸಿಲಲ್ಲಿ ಒಟ್ಟಿಗೇ ಬಿದ್ದಿದ್ದವು. ಮೂಗಿನವು ಬಣ್ಣವಿಲ್ಲದ ಜಿಡ್ಡು, ಬಲಗೆನ್ನೆಯವೂ ಬಹುಮಟ್ಟಿಗೆ ಹಾಗೇ. ಎಡಗೆನ್ನೆಯ ಸಾಲು ಮಾತ್ರ ಸೆಪ್ಟೆಂಬರಿನಿಂದ ತಿಳಿಹಸಿರಾಗಿ ಸಾಗಿ, ಅಕ್ಟೋಬರಿನಲ್ಲಿ ಹತ್ತು ಚೌಕಗಳ ಮಟ್ಟಿಗೆ ಬಿಳಿಚಿಕೊಂಡು, ಮತ್ತೆ ಹಸಿರಾಗಿ ಮುಂದುವರಿದಿತ್ತು. ಮೂರು ತಿಂಗಳು ಅವರು ಅಗಲವನ್ನಷ್ಟೇ ಅಳೆದಿದ್ದರು, ಬಣ್ಣವನ್ನು ನೋಡಿರಲಿಲ್ಲ.

"ಕುಣಿಗಲ್‌ನಲ್ಲಿ ತಲೆಗೇನು ಹಚ್ಚಿದ್ದೆ?"

"ಏನೂ ಇಲ್ಲ ದೊಡ್ಡಪ್ಪ. ಬಾಟ್ಲು ಇಲ್ಲೇ ಮರ್ತುಹೋಗಿದ್ದೆ."

"ಯಾವ ಕಡೆ ಮಲಗ್ತೀಯಾ?"

"ಎಡಗಡೆ." ಹೇಳುತ್ತಿದ್ದಂತೆಯೇ ಅವಳಿಗೆ ತನ್ನ ದಿಂಬಿನ ಹಸಿರು ಕಲೆ ಕಣ್ಣಿಗೆ ಕಟ್ಟಿತು. ಇಡೀ ರಾತ್ರಿ ಎಣ್ಣೆಯ ದಿಂಬಿನ ಮೇಲೆ ಕೆನ್ನೆಯೊತ್ತಿ ಮಲಗಿ, ಬೆಳಿಗ್ಗೆ ಎದ್ದು ಅರವತ್ತು ಎಣಿಸಿ ತೊಳೆದದ್ದೇ ತೊಳೆದದ್ದು.

"ಅಲ್ಲಿ ಎಣ್ಣೆ ಹಚ್ಲಿಲ್ಲ ಅಂತ ಹೇಳ್ಲಿಲ್ಲ ಯಾಕೆ?"

ಅಷ್ಟೂ ತಿಂಗಳ ಸಿಟ್ಟು ಒಟ್ಟಿಗೇ ಬಂತು. "ನೀವೆಲ್ಲಿ ಕೇಳಿದ್ರಿ? ಬುಕ್ಕಲ್ಲಿ ಆ ಕಾಲಮ್ಮೇ ಇಲ್ಲ! ಮೊದಲ್ನೇ ದಿನವೇ ಚನ್ನೇಶಣ್ಣ ಕೇಳಿದ್ರು, ನೀವು ಬಾಯಿ ಮುಚ್ಚಿಸಿದ್ರಿ. ಆರು ವಾರ ನೀರು ಹೊತ್ತು ಸತ್ರಿ, ನನ್ನನ್ನೂ ಸಾಯಿಸಿದ್ರಿ!"

ಮಹಾಲಿಂಗಯ್ಯನವರು ಭೂತಗನ್ನಡಿ ತೆಗೆದು ಆ ಹಸಿರು ಸಾಲನ್ನು ಮೊದಲಿನಿಂದ ಕಡೆಯವರೆಗೆ ಮತ್ತೊಮ್ಮೆ ನೋಡಿದರು. ಆಮೇಲೆ ಅಭ್ಯಾಸಬಲದಿಂದ, "ಖಾತ್ರಿ ಆಗ್ಬೇಕು ಅಂದ್ರೆ ಒಂದು ತಿಂಗಳು ಬಿಟ್ಟು, ಮತ್ತೊಂದು ಹದಿನೈದು ದಿನ ಹಚ್ಚಿ..." ಎಂದು ಶುರುಮಾಡಿದವರು ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಆ ಮನುಷ್ಯ ತಮ್ಮ ಜೀವಮಾನದಲ್ಲಿ ಅರ್ಧಕ್ಕೆ ಕೈಬಿಟ್ಟ ಪ್ರಯೋಗ ಅದೊಂದೇ ಎಂದು ಮಾಲಿನಿ ಇಂದಿಗೂ ಹೇಳುತ್ತಾಳೆ. ಜೇಬಿನಿಂದ ಪೆನ್ನು ತೆಗೆದು, ಇನ್ನೂ ಹಸಿಯಿದ್ದ ಕೊನೆಯ ಹಾಳೆಯ ಮೇಲೆ ಅವರು ಬರೆದರು: "ಕಾರಣ: ಮನೆಯ ಎಣ್ಣೆ. ಕಾಯಿಸಿದವನು, ಬರೆದುಕೊಳ್ಳದೆ ಬಿಟ್ಟವನು: ಮಹಾಲಿಂಗಯ್ಯ." ಶಾಯಿ ಹರಡಿತು, ಅಳಿಸಿ ಬರೆಯಲಿಲ್ಲ.

ಮಾರನೆಯ ದಿನ ಸಂಜೆ ಆ ಹಾಳೆಗಳನ್ನು ಹಿಡಿದು ಚನ್ನೇಶನ ಅಂಗಡಿಗೆ ಹೋದರು. ಜೊತೆಗೆ ಮಾಲಿನಿಯೂ ಇದ್ದಳು. ಅವರು ಸಾಲಿನಲ್ಲಿ ನಿಂತು, ಸರದಿ ಬಂದ ಮೇಲೆ, ನಾಲ್ಕು ಜನ ಕೇಳುವ ಹಾಗೆ ಹೇಳಿದರು: "ನೀವು ಜುಲೈನಲ್ಲಿ ಒಂದು ಪ್ರಶ್ನೆ ಕೇಳಿದ್ರಿ. ಉತ್ತರ ತಂದಿದೀನಿ. ನೀವು ಕೇಳಿದ್ದು ಸರಿ, ನಾನು ತಡೆದಿದ್ದು ತಪ್ಪು." ಚನ್ನೇಶನಿಗೆ ಯಾವ ಪ್ರಶ್ನೆಯೆಂಬುದೇ ನೆನಪಿರಲಿಲ್ಲ. "ಅಯ್ಯೋ ಬುಡಿ ಸಾರ್" ಎಂದು ಗಾಬರಿಯಿಂದ ನಗತೊಡಗಿದ. ಮಹಾಲಿಂಗಯ್ಯನವರು ಬಿಡಲಿಲ್ಲ, ಹಾಳೆಗಳನ್ನು ಕಟ್ಟೆಯ ಮೇಲೆ ಹರಡಿ, ಹಸಿರು ಎಲ್ಲಿ ಶುರು, ಎಲ್ಲಿ ನಿಂತಿತು ಎಂದು ವಿವರಿಸಿದರು. ಹಿಂದಿದ್ದವರು ಗೊಣಗಿದರು. ಮಾಲಿನಿಗೆ ಮತ್ತೆ ನೆಲ ಬಾಯಿಬಿಡಬಾರದೇ ಎನಿಸಿತು. ಆದರೆ ಈ ಸಲ ಅವಳು ಅವರ ಬಿಳಿ ಮಚ್ಚೆಯ ತೋಳನ್ನು ಹಿಡಿದುಕೊಂಡೇ ನಿಂತಿದ್ದಳು.

ರಾತ್ರಿಯ ಎಣ್ಣೆ ನಿಂತಿತು, ದಿಂಬಿನ ಚೀಲ ಬದಲಾಯಿತು, ನಿರೂಪಣೆ ತಾನೇ ಮಾಡುತ್ತೇನೆಂದು ಮಾಲಿನಿ ವನಜಮ್ಮನವರಿಗೆ ಹೇಳಿ ಬಂದಳು. ಫೆಬ್ರವರಿಯ ಹೊತ್ತಿಗೆ ಎಡಗೆನ್ನೆಯಲ್ಲಿ ಕಂದು ಕಲೆಗಳಷ್ಟೇ ಉಳಿದಿದ್ದವು. ಸ್ಕೂಲ್ ಡೇಯ ದಿನ ಅವಳು ಮಾಸ್ಕಿಲ್ಲದೆ ವೇದಿಕೆಯ ಹಿಂದೆ ನಿಂತಾಗ ಭೂಮಿಕಾ ದಿಟ್ಟಿಸಿ ನೋಡಿ, "ಮಿಸ್, ನೀವು ನಕ್ರೆ ಹಿಂಗಾ ಕಾಣ್ಸೋದು?" ಎಂದಳು. ಮೈಕಿನ ಮುಂದೆ ಹೋದ ಮಾಲಿನಿಗೆ ಮೊದಲ ವಾಕ್ಯ ಒಂದು ಕ್ಷಣ ತಡವಾಗಿ ಬಂತು, ಆಮೇಲೆ ಎಲ್ಲವೂ ಬಂತು. ಮೂರನೆಯ ಸಾಲಿನಲ್ಲಿ ಕಡುನೀಲಿ ಕೋಟು. ಕಾರ್ಯಕ್ರಮ ಮುಗಿದ ಮೇಲೆ ಹೇಗಿತ್ತೆಂದು ಕೇಳಿದಳು. "ಧ್ವನಿ ಚೆನ್ನಾಗಿತ್ತು. ಎಡಗೆನ್ನೇಲಿ ಲೈಟಿಗೆ ಏಳು ಕಲೆ ಕಾಣ್ತವೆ, ಬರ್ಕೊಂಡಿದೀನಿ" ಎಂದರು.

ಎಣ್ಣೆ ಈಗಲೂ ತಿಂಗಳಿಗೊಮ್ಮೆ ಕಾಯುತ್ತದೆ. ಭಾನುವಾರ ಬೆಳಿಗ್ಗೆ ಹಚ್ಚಿ, ಅಂದೇ ತಲೆಗೆ ಸ್ನಾನ. ಆ ಬಾಟಲಿಗೆ ಈಗ ಒಂದು ಹಿಂಬದಿಯಿದೆ, ಗೆರೆಯೆಳೆದ ಬಿಳಿ ಕಾಗದದಲ್ಲಿ, ಪ್ರಯೋಗಶಾಲೆಯ ಸೀಸೆಗಳಿಗೆ ಬರೆಯುತ್ತಿದ್ದ ಅದೇ ದುಂಡಕ್ಷರದಲ್ಲಿ, ಸೊಪ್ಪುಗಳ ಹೆಸರು, ಕಾಯಿಸಿದ ತಾರೀಖು, ಕೆಳಗೆ: "ಹಚ್ಚಿಕೊಂಡು ಮಲಗಬಾರದು. ಮುಖಕ್ಕೆ ತಾಗಬಾರದು." ಇಂಥವರು ಪ್ರತಿ ವಂಶದಲ್ಲೂ ಒಬ್ಬರಿರುತ್ತಾರೆ. ಅಂಗಡಿಯ ಸಾಲನ್ನು ತಡೆಯುತ್ತಾರೆ, ಡಾಕ್ಟರ ಮುಂದೆ ಮಾನ ಕಳೆಯುತ್ತಾರೆ, ಬೆಳಗಾಗೆದ್ದು ನಮ್ಮ ಕೆನ್ನೆಯನ್ನು ಅಳೆಯುತ್ತಾರೆ. ಅವರ ಜೊತೆ ಬಾಳುವವರಿಗೆ ದಿನಕ್ಕೆ ಹತ್ತು ಸಲವಾದರೂ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಊರವರ ತಪ್ಪನ್ನು ಬರೆಯುತ್ತಾ ಬಂದು ತಮ್ಮ ಮನೆಯ ಬಾಗಿಲಿಗೆ ಪೆನ್ನು ಮುಚ್ಚುವವರು ಬೇಕಾದಷ್ಟು ಜನ. ಸಾಲು ತಮ್ಮದೇ ಹೆಸರಿನ ಹತ್ತಿರ ಬಂದಾಗ, ತೀರಿಹೋದ ಹೆಂಡತಿಯ ಬಾಣಲೆಯ ಹತ್ತಿರ ಬಂದಾಗಲೂ ಬರೆದು ಮುಗಿಸುವವರು ಇವರು ಮಾತ್ರ. ಅದಕ್ಕೇ ಮಾಲಿನಿ ಈಗಲೂ ಬೆಳಿಗ್ಗೆ ಬ್ರಷ್ ಬಾಯಲ್ಲಿಟ್ಟುಕೊಂಡು, ಗೊಣಗುತ್ತಲೇ, ಎಡಗೆನ್ನೆಯನ್ನು ಮುಂದಕ್ಕೆ ಒಡ್ಡುತ್ತಾಳೆ.